ಮಾವನ ಬಲೂನು ಟೊಮೆಟೊ ತೋಟದಲ್ಲಿ ಇಳಿದ ದಿನ

ವಿಡಿಯೋದಲ್ಲಿ ಕತ್ತಲೆ ಜಾಸ್ತಿ ಇದೆ, ಸ್ವಲ್ಪ ಹೊತ್ತು ಹೀಗೇ ನೋಡಿ. ಇದು ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೋಗುವಾಗ ಸಿಗುವ ಒಂದು ಬಯಲು. ಟಾರ್ಚ್ ಹಿಡಿದು ಓಡಾಡುತ್ತಿರುವವರು ನಮ್ಮ ಮಾವ, ಅಮ್ಮನ ಅಣ್ಣ. ವಾಯುಪಡೆಯಲ್ಲಿ ಎಎನ್-32 ಸಾಗಣೆ ವಿಮಾನ ಓಡಿಸಿದವರು. ರಿಟೈರ್ ಆದ ಮೇಲೆ ಎಲ್ಲರೂ ಸೈಟು, ತೋಟ ಅಂತಾರೆ, ಇವರು ಬಿಸಿಗಾಳಿ ಬಲೂನು ಹಿಡಿದರು. ವಿಮಾನದ ಲೈಸೆನ್ಸ್ ಇದ್ದರೆ ಸಾಲದು, ಇದಕ್ಕೆ ಬೇರೆಯದೇ ಬೇಕು. ಆ ವಯಸ್ಸಲ್ಲಿ ಮತ್ತೆ ಪುಸ್ತಕ ಹಿಡಿದು ಕೂತರು.

ಗಾಳಿ ತುಂಬುವುದು ಕಾಣುತ್ತಿದೆ, ಅದನ್ನು ಹೇಳುವುದಿಲ್ಲ. ಇಷ್ಟು ಬೆಳಗ್ಗೆ ಯಾಕೆ ಅಂದರೆ, ಬಿಸಿಲೇರಿ ನೆಲ ಕಾದರೆ ಗಾಳಿ ಅಲ್ಲಲ್ಲಿ ಮೇಲೇಳುತ್ತದೆ, ಆಮೇಲೆ ಬಲೂನು ಮಾತು ಕೇಳುವುದಿಲ್ಲ. ಇನ್ನೊಂದು, ತಣ್ಣನೆ ಗಾಳಿ ಭಾರ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆಜಿ, 100 ಡಿಗ್ರಿಗೆ ಕಾಯಿಸಿದರೆ 0.95ರ ಹತ್ತಿರ. ಆ ಕಾಲು ಕೆಜಿ ವ್ಯತ್ಯಾಸವೇ ನಮ್ಮನ್ನೆಲ್ಲ ಎತ್ತುವುದು. ಕೋಲಾರ ಎತ್ತರದಲ್ಲಿದೆ, ಇಲ್ಲಿ ಅದೂ ಸ್ವಲ್ಪ ಕಡಿಮೆ.

ಹಾಂ, ಎದ್ದಿತು. ಮಾವನ ಕೈ ನೋಡಿ. ಎರಡು ಸೆಕೆಂಡ್ ಉರಿ ಬಿಟ್ಟರು, ನಿಲ್ಲಿಸಿದರು, ಬೆರಳು ಮಾತ್ರ ಲಿವರ್ ಮೇಲೆ ಆಡುತ್ತಲೇ ಇದೆ. ಈಗ ಬಿಟ್ಟ ಉರಿಗೆ ಬಲೂನು ಏಳುವುದು ಇನ್ನೂ ಕೆಲವು ಸೆಕೆಂಡ್ ಆದ ಮೇಲೆ. ವಿಮಾನದ ವೇಗ ಏರಿಸುವ ಥ್ರಾಟಲ್ ತಳ್ಳಿ ಅಭ್ಯಾಸವಾದ ಕೈಗೆ ಇದೇ ಕಷ್ಟವಂತೆ. ಸ್ಟೀರಿಂಗ್ ಅಂತೂ ಇಲ್ಲವೇ ಇಲ್ಲ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತದೆ, ಬೇಕಾದ ಗಾಳಿ ಹುಡುಕಿಕೊಂಡು ಹತ್ತಬೇಕು, ಇಳಿಯಬೇಕು. ಈಗ ಮಾವ ಕೆಳಗೆ ಉಗುಳಿದರಲ್ಲ, ಅಸಹ್ಯ ಅನ್ನಬೇಡಿ, ನಾವು ತೇಲುತ್ತಿರುವ ಗಾಳಿಗಿಂತ ಕೆಳಗಿನ ಗಾಳಿ ಹೇಗೆ ಬೇರೆ ಅಂತ ಉಗುಳು ವಾಲುವುದರಲ್ಲಿ ಗೊತ್ತಾಗುತ್ತದೆ.

ಮಾವನಿಗೆ ವಿಜಯಪತ್ ಸಿಂಘಾನಿಯಾ ಅಂದರೆ ಪ್ರಾಣ. 1988ರಲ್ಲಿ ಲಂಡನ್ನಿಂದ ಅಹಮದಾಬಾದಿಗೆ ಮೈಕ್ರೋಲೈಟ್ ಅನ್ನುವ ಪುಟ್ಟ ಹಗುರ ವಿಮಾನದಲ್ಲಿ ಬಂದವರು. 2005ರ ನವೆಂಬರ್ 26ರಂದು ಮುಂಬೈಯಿಂದ ಬಿಸಿಗಾಳಿ ಬಲೂನಿನಲ್ಲಿ ಹೊರಟು 21 ಕಿಲೋಮೀಟರ್ ಎತ್ತರ ಮುಟ್ಟಿದರು, 67ನೇ ವಯಸ್ಸಿನಲ್ಲಿ. ವಿಶ್ವದಾಖಲೆ ಅದು. ನಮ್ಮ ಶಾಲೆಗಳಲ್ಲಿ ಇದನ್ನೆಲ್ಲ ಯಾಕೆ ಹೇಳಿಕೊಡುವುದಿಲ್ಲವೋ. ಸರಿ, ಇಳಿಯುವ ಹೊತ್ತಾಯಿತು.

ಮುಂದೆ ನೀಲಗಿರಿ ತೋಪು, ಅದರಾಚೆ ಕರೆಂಟ್ ತಂತಿ. ಬಲೂನಿನವರು ತಂತಿಗೆ ಹೆದರುವಷ್ಟು ಇನ್ಯಾವುದಕ್ಕೂ ಹೆದರುವುದಿಲ್ಲ. ಮಾವ ಕೆಂಪು ಹಗ್ಗ ಎಳೆದರು, ನೆತ್ತಿ ತೆರೆದುಕೊಂಡು ಬಿಸಿಗಾಳಿ ಹೋಯಿತು, ಬುಟ್ಟಿ ಸೀದಾ ಟೊಮೆಟೊ ತೋಟಕ್ಕೆ.

ಎರಡು ಸಾಲು ಮಲಗಿವೆ. ಕಡ್ಡಿ ಮುರಿದು, ದಾರ ಹರಿದು, ಬಣ್ಣಕ್ಕೆ ಬರುತ್ತಿದ್ದ ಕಾಯೆಲ್ಲ ಬುಟ್ಟಿ ಕೆಳಗೆ. ತೋಟದ ಅಕ್ಕ ಬಂದವರೇ, "ಏನ್ ಸ್ವಾಮಿ, ಇಷ್ಟು ಜಾಗ ಬಿಟ್ಟು ನನ್ನ ತೋಟವೇ ಸಿಕ್ಕಿತಾ?" ಅಂದರು. ಮಾವ ಬಲೂನಿನ ಬಟ್ಟೆ ಮುಟ್ಟಲಿಲ್ಲ. "ಲೆಕ್ಕ ಹೇಳಮ್ಮ, ಕೊಟ್ಟೇ ಮುಂದಿನ ಕೆಲಸ." ಅವರು ಬೆರಳು ಮಡಿಸಿ ಹೇಳಿದರು: ಸಸಿ, ಕಡ್ಡಿ, ಔಷಧಿ, ಕಟ್ಟುವ ಕೂಲಿ, ಹೋದ ಹಣ್ಣು. ಜೊತೆಗಿದ್ದವರೊಬ್ಬರು "ಜಾಸ್ತಿ ಆಯಿತು" ಅಂತ ರಾಗ ತೆಗೆದರು, ನನಗೆ ಸಿಟ್ಟು ಬಂತು. ಏನು ಜಾಸ್ತಿ? 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ಇನ್ನೊಂದು ಸಲ ಸಾಗಿಸುವ ಬಾಡಿಗೆ ಕೂಡ ಹುಟ್ಟುವುದಿಲ್ಲ. ರೇಟು ಬರುವ ದಿನ ಗಿಡದಲ್ಲಿ ಹಣ್ಣಿರಬೇಕು, ಅಲ್ವಾ? ಶ್ರೀಮಂತರ ಚಟ ಇದು ಅಂತ ನಾನು ಬಲೂನನ್ನು ಬೈಯುತ್ತಿದ್ದೆ. ಈಗ ಅಷ್ಟು ಬೈಯಲ್ಲ, ಆದರೆ ಹಾರುವವರು ಗ್ಯಾಸಿನ ಜೊತೆ ಬೆಳೆ ಪರಿಹಾರದ ದುಡ್ಡನ್ನೂ ಇಟ್ಟುಕೊಂಡೇ ಹಾರಬೇಕು.

ಮಾವ ಕೇಳಿದಷ್ಟೂ ಕೊಟ್ಟರು. ಆಮೇಲೆ ಅಕ್ಕನೇ "ನಮ್ಮ ಹುಡುಗನನ್ನು ಒಂದು ಸಲ ಹತ್ತಿಸಿ" ಅಂದರು. ಜೀಪು ಬಂತು, ಬಟ್ಟೆ ಮಡಚಲು ಕರೆಯುತ್ತಿದ್ದಾರೆ, ಕ್ಯಾಮೆರಾ ಇಡುತ್ತೇನೆ.