ಕ್ಯಾಮೆರಾದ ಹಿಂದೆ ಯಾರಿದ್ದಾರೆ?

ಕೇಳುಗರೇ, ನಮಸ್ಕಾರ. ಇವತ್ತು ಅಮೆರಿಕದ ಕಪ್ಪು ಸಾಕ್ಷ್ಯಚಿತ್ರ ನಿರ್ದೇಶಕ ವಿಲಿಯಂ ಗ್ರೀವ್ಸ್ ಬಗ್ಗೆ ಮಾತಾಡೋಣ. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ, ನನಗೆ ಅದೇ ಬೇಜಾರು.

1926ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದವರು. ಮೊದಲು ನಟ. ನಾಟಕ, ಸಿನಿಮಾ ಎರಡರಲ್ಲೂ ಪಾತ್ರ ಸಿಕ್ಕಿತ್ತು. ಆದರೆ ಆಗ ಕಪ್ಪು ನಟರಿಗೆ ಸಿಗುತ್ತಿದ್ದದ್ದು ಜಾಸ್ತಿ ಆಳಿನ ಪಾತ್ರ, ಇಲ್ಲವೇ ಜನ ನಗಾಡುವಂಥ ಪಾತ್ರ. ಅದು ಅವರಿಗೆ ಸಹಿಸಲಿಲ್ಲ. ನಮ್ಮ ಕಥೆ ನಾವೇ ಹೇಳಬೇಕು ಅಂತ 1952ರಲ್ಲಿ ಕೆನಡಾಕ್ಕೆ ಹೋಗಿ, ಅಲ್ಲಿನ ಸರ್ಕಾರಿ ಫಿಲ್ಮ್ ಬೋರ್ಡಿನಲ್ಲಿ ಸಂಕಲನದಿಂದ ನಿರ್ದೇಶನದವರೆಗೆ ಕೆಲಸ ಕಲಿತು, 1963ರಲ್ಲಿ ವಾಪಸ್ ಬಂದರು. ಮುಂದೆ ತಮ್ಮದೇ ಸಂಸ್ಥೆ ಕಟ್ಟಿದರು. ಪತ್ನಿ ಲೂಯಿಸ್ ಕೊನೆವರೆಗೂ ಕೆಲಸದಲ್ಲಿ ಜೊತೆಗಿದ್ದರು.

1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಅದೇ ವರ್ಷ ಅಮೆರಿಕದ ಸಾರ್ವಜನಿಕ ಟೀವಿಯಲ್ಲಿ ಕಪ್ಪು ಜನರ ಬಗ್ಗೆ 'ಬ್ಲ್ಯಾಕ್ ಜರ್ನಲ್' ಅನ್ನೋ ಕಾರ್ಯಕ್ರಮ ಶುರುವಾಯಿತು. ಹೆಸರೇನೋ ಕಪ್ಪು ಜನರದು, ಮೇಲೆ ಕೂತು ತೀರ್ಮಾನ ಮಾಡುವವರು ಮಾತ್ರ ಬಿಳಿಯರು. ಇದು ಸರಿಯಲ್ಲ ಅಂತ ಕಪ್ಪು ಸಿಬ್ಬಂದಿ ಕೆಲಸ ಬಿಟ್ಟು ಹೊರನಡೆದರು. ಹಾಗಾಗಿ ನಿರೂಪಕರಲ್ಲಿ ಒಬ್ಬರಾಗಿದ್ದ ಗ್ರೀವ್ಸ್ ಕೈಗೆ ಮುಖ್ಯ ನಿರ್ಮಾಪಕನ ಹೊಣೆ ಬಂತು. ಕಾರ್ಯಕ್ರಮಕ್ಕೆ ಟೀವಿ ಲೋಕದ ಎಮ್ಮಿ ಪ್ರಶಸ್ತಿ ಬಂತು, ಸಂತೋಷವೇ. ಆದರೆ ಸೇಂಟ್ ಕ್ಲೇರ್ ಬೋರ್ನ್ ಥರದ ಹುಡುಗರು ಅಲ್ಲೇ ಪಳಗಿ, ಮುಂದೆ ತಮ್ಮದೇ ಸಾಕ್ಷ್ಯಚಿತ್ರ ಮಾಡುವಂತಾದರಲ್ಲ, ನನಗೆ ಅದೇ ದೊಡ್ಡದು.

1972ರ ಮಾರ್ಚ್‌ನಲ್ಲಿ ಇಂಡಿಯಾನಾದ ಗ್ಯಾರಿ ಊರಲ್ಲಿ ದೇಶದ ಮೂಲೆಮೂಲೆಯಿಂದ ಸಾವಿರಾರು ಕಪ್ಪು ಜನ ಸೇರಿದರು. ಚುನಾವಣೆಯಲ್ಲಿ ನಮ್ಮ ದಾರಿ ಯಾವುದು ಅಂತ ಚರ್ಚೆ, ಜಗಳ, ಘೋಷಣೆ. ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ ಭಾಷಣಕ್ಕೆ ಇಡೀ ಸಭೆ ದನಿಗೂಡಿಸುತ್ತದೆ. ಗ್ರೀವ್ಸ್ ಅದನ್ನೆಲ್ಲ ಚಿತ್ರೀಕರಿಸಿ 'ನೇಷನ್‌ಟೈಮ್' ಮಾಡಿದರು. ತುಂಬಾ ಉಗ್ರವಾಗಿದೆ ಅಂತ ಟೀವಿಯವರು ಹಿಂಜರಿದರು, ಕತ್ತರಿಸಿದ ಪ್ರತಿಯೇ ವರ್ಷಗಟ್ಟಲೆ ಓಡಾಡಿತು. ಸರಿಪಡಿಸಿದ ಪೂರ್ತಿ ಚಿತ್ರ ಜನರಿಗೆ ಸಿಕ್ಕಿದ್ದು 2020ರಲ್ಲಿ. ಅಷ್ಟೊತ್ತಿಗೆ ಗ್ರೀವ್ಸ್ ತೀರಿಕೊಂಡು ಆರು ವರ್ಷವಾಗಿತ್ತು. ಎಂಥ ಅನ್ಯಾಯ, ಅಲ್ವಾ?

ಆದರೂ ಅವರು ಸುಮ್ನೆ ಕೂತವರಲ್ಲ. 1989ರಲ್ಲಿ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಬಗ್ಗೆ ಚಿತ್ರ ಮಾಡಿದರು. ಗುಂಪು ಕಟ್ಟಿಕೊಂಡು ಕಪ್ಪು ಜನರನ್ನು ಕೊಲ್ಲುತ್ತಿದ್ದವರ ವಿರುದ್ಧ ಬರೆದದ್ದಕ್ಕೆ, 1892ರಲ್ಲಿ ಮೆಂಫಿಸ್‌ನಲ್ಲಿದ್ದ ಈ ಹೆಣ್ಣುಮಗಳ ಪತ್ರಿಕಾ ಕಚೇರಿಯನ್ನೇ ಪುಡಿ ಮಾಡಿದ್ದರು. ಚಿತ್ರದಲ್ಲಿ ವೆಲ್ಸ್ ಅವರ ಬರಹ ಓದುವವರು ಲೇಖಕಿ ಟೋನಿ ಮಾರಿಸನ್. ಎಲ್ಲಾದರೂ ಸಿಕ್ಕರೆ ಮೊದಲು ಇದನ್ನೇ ನೋಡಿ. ನಮಸ್ಕಾರ.