ಮಿದುಳಿಗೆ ಹಿಡಿದ ಕನ್ನಡಿ

ಕೇಳುಗರಿಗೆ ನಮಸ್ಕಾರ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟದಲ್ಲಿ ಆನೆಯಿಂದ ತಪ್ಪಿಸಿಕೊಂಡು ಬದುಕಿದವರು ನಿಮ್ಮೂರಲ್ಲೂ ಇರಬಹುದು. ಘಾಟಿಯಲ್ಲಿ ಬಸ್ಸು ಮಗುಚಿದಾಗ ಒಳಗಿದ್ದವರು ಇರಬಹುದು. ಗಾಯ ಯಾವತ್ತೋ ಮಾಗಿದೆ. ಆದರೆ ರಾತ್ರಿ ಒಂದು ಕೊಂಬೆ ಲಟಕ್ಕೆಂದರೂ ಎದ್ದು ಕೂರುತ್ತಾರೆ, ಆ ದಾರಿ ತುಳಿಯುವುದೇ ಇಲ್ಲ, ಕಣ್ಣು ಮುಚ್ಚಿದರೆ ಅದೇ ದೃಶ್ಯ. ತಿಂಗಳು ದಾಟಿದರೂ ಹೀಗೇ ಇದ್ದರೆ ಅದು ಪಿಟಿಎಸ್‌ಡಿ ಎಂಬ, ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ ಇರಬಹುದು. ಪುಕ್ಕಲುತನ ಅನ್ನಬೇಡಿ, ದಯವಿಟ್ಟು.

ಇದಕ್ಕಿರುವ ನ್ಯೂರೋಫೀಡ್‌ಬ್ಯಾಕ್ ತರಬೇತಿಯ ಹೆಸರೆತ್ತಿದರೆ ಎಲ್ಲರದೂ ಒಂದೇ ಪ್ರಶ್ನೆ: ತಲೆಗೆ ಕರೆಂಟ್ ಕೊಡ್ತಾರಾ? ಇಲ್ಲ. ಯಂತ್ರ ಮಿದುಳಿನೊಳಕ್ಕೆ ಏನನ್ನೂ ಕಳಿಸುವುದಿಲ್ಲ. ಅಲ್ಲಿಂದ ಬರುವ ಸಣ್ಣ ವಿದ್ಯುತ್ ಅಲೆಯನ್ನು ತೋರಿಸುತ್ತದೆ, ಅಷ್ಟೆ. ಕನ್ನಡಿ ನೋಡಿ ಬೈತಲೆ ತೆಗೆದ ಹಾಗೆ.

ನೆತ್ತಿಯ ಚರ್ಮವನ್ನು ಸ್ವಲ್ಪ ಉಜ್ಜಿ, ಪೇಸ್ಟ್ ಹಚ್ಚಿ, ಎಲೆಕ್ಟ್ರೋಡ್ ಎಂಬ ಪುಟ್ಟ ಬಿಲ್ಲೆ ಅಂಟಿಸುತ್ತಾರೆ. ಕಿವಿಗೆ ಕ್ಲಿಪ್ಪು. ಎದುರಿನ ಪರದೆಯಲ್ಲಿ ಒಂದು ಚಿತ್ರ ಓಡುತ್ತಿರುತ್ತದೆ. ಮಿದುಳಿನ ಅಲೆ ಬೇಕಾದ ಲಯಕ್ಕೆ ಬಂದರೆ ಚಿತ್ರ ಬೆಳಗುತ್ತದೆ, ತಪ್ಪಿದರೆ ಮಂಕಾಗುತ್ತದೆ. ಆ ಅಲೆಯ ಬಲ ಎಷ್ಟು ಅಂತೀರಿ? ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಹತ್ತಾರು ಪಾಲು, ಅಷ್ಟೇ. ಅದಕ್ಕೇ ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಕೆಟ್ಟಿತು: ಸ್ನಾಯುವಿನ ಗದ್ದಲದಲ್ಲಿ ಮಿದುಳಿನ ಪಿಸುಮಾತು ಕೇಳುವುದೇ ಇಲ್ಲ.

ಬೆಕ್ಕಿನ ಕಥೆ ಹೇಳಲೇಬೇಕು. 1960ರ ದಶಕ, ಕ್ಯಾಲಿಫೋರ್ನಿಯಾ. ಬ್ಯಾರಿ ಸ್ಟರ್ಮನ್ ಎಂಬ ವಿಜ್ಞಾನಿ ಬೆಕ್ಕುಗಳ ಮಿದುಳಿನ ಅಲೆ ನೋಡುತ್ತಿದ್ದರು. ಇಲಿಬಿಲದ ಮುಂದೆ ಕೂತಂತೆ ಮೈ ಅಲುಗದೆ, ಆದರೆ ಎಚ್ಚರವಾಗಿ ಕೂತ ಬೆಕ್ಕಿನಲ್ಲಿ ಸೆಕೆಂಡಿಗೆ 12ರಿಂದ 15 ಅಲೆ ಏಳುತ್ತಿತ್ತು. ಆ ಅಲೆ ಎದ್ದಾಗಲೆಲ್ಲ ಅವಕ್ಕೆ ತಿನಿಸು. ಬರಬರುತ್ತ ಬೆಕ್ಕುಗಳು ಬೇಕೆಂದೇ ಆ ಅಲೆ ಎಬ್ಬಿಸತೊಡಗಿದವು! ಆಮೇಲೆ ಬೇರೆಯದೇ ಪರೀಕ್ಷೆ ಬಂತು. ರಾಕೆಟ್ ಇಂಧನದ ವಿಷ ಎಷ್ಟು ಅಪಾಯ ಅಂತ ನೋಡಲು ಬೆಕ್ಕುಗಳಿಗೆ ಅದನ್ನು ಚುಚ್ಚಿದರು. ತರಬೇತಿ ಇಲ್ಲದವಕ್ಕೆ ಫಿಟ್ಸ್ ಬಂತು. ತರಬೇತಿ ಪಡೆದವಕ್ಕೆ ಬಹಳ ತಡವಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ. ಅವುಗಳ ಮಿದುಳಿಗೆ ಯಾರೂ ಏನನ್ನೂ ತುಂಬಿರಲಿಲ್ಲ. ಬೆಕ್ಕೇ ಕಲಿತದ್ದು.

ಸಮಯ ಸರಿಯಿತು. 2016ರಲ್ಲಿ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಪಿಟಿಎಸ್‌ಡಿ ಇದ್ದವರಿಗೆ ಈ ತರಬೇತಿ ವಾರಕ್ಕೆರಡರಂತೆ 24 ಸಲ ನಡೆಯಿತು. ಕೊನೆಗೆ ತರಬೇತಿ ಪಡೆದ 22 ಜನರಲ್ಲಿ ಪಿಟಿಎಸ್‌ಡಿ ಉಳಿದದ್ದು 6 ಮಂದಿಗೆ. ಪಡೆಯದೆ ಕಾದಿದ್ದ 22 ಜನರಲ್ಲಿ 15 ಮಂದಿಗೆ. ಹಾಗಾಗಿ ಮೂರು ಸಲ ಹೋಗಿ 'ಏನೂ ಆಗ್ಲಿಲ್ಲ' ಅಂತ ಬಿಟ್ಟುಬಿಡಬೇಡಿ. ನುಂಗುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊದಲು ಮನೋವೈದ್ಯರಿಗೆ ತೋರಿಸಿ. ಯಾರನ್ನು ಕೇಳಬೇಕೋ ತಿಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ತರಬೇತಿಗೆ ಹೋಗುವ ದಿನ ಮಾತ್ರ ತಲೆಗೆ ಎಣ್ಣೆ ಬೇಡ, ಬಿಲ್ಲೆ ಅಂಟುವುದಿಲ್ಲ.