ಗಾಳಿ ಮಳೆಯ ದಿನ ವಾಚ್ ಬಿಚ್ಚಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಫ್ ಮ್ಯಾರಥಾನ್ ಅಂದರೆ 21 ಕಿಲೋಮೀಟರ್, ಅದರ ಮೇಲೆ ಇನ್ನೊಂದು ನೂರು ಮೀಟರ್‌ನಷ್ಟು. ಅದನ್ನು ಗಾಳಿ ಮಳೆಯಲ್ಲಿ ಓಡುವುದು ಹೇಗೆ ಅಂತ ಮಾತಾಡಿ ಎಂದು ಬಾನುಲಿಯವರು ಕರೆದಿದ್ದಾರೆ. ನಾನು ಹೇಳಬೇಕಾಗಿರುವುದು ಒಂದೇ ಮಾತು. ಆ ದಿನ ವಾಚ್ ಬಿಚ್ಚಿ ಮನೆಯಲ್ಲಿಟ್ಟು ಬನ್ನಿ.

ಹೀಗೆ ಹೇಳಿದರೆ ನಮ್ಮ ಹುಡುಗರಿಗೆ ಇಷ್ಟವಾಗುವುದಿಲ್ಲ. ತುಮಕೂರಿನ ಅಮಾನಿಕೆರೆ ಏರಿ ಮೇಲೆ ಬೆಳಿಗ್ಗೆ ಓಡುವವರನ್ನು ನೋಡಿ. ಪೊಲೀಸ್ ಕೆಲಸದ ಫಿಸಿಕಲ್‌ಗೆ ತಯಾರಾಗುವ ಹುಡುಗ ಹುಡುಗಿಯರು, ಬ್ಯಾಂಕಿನವರು, ಮೇಷ್ಟ್ರುಗಳು. ಎಲ್ಲರ ಕೈಯಲ್ಲೂ ಒಂದೊಂದು ವಾಚು. ನೂರು ಹೆಜ್ಜೆಗೊಂದು ಸಲ ಮಣಿಕಟ್ಟು ನೋಡಿಕೊಳ್ಳುತ್ತಾರೆ. "ಮೇಡಂ, ಈ ಸಲ ಎರಡು ಗಂಟೆ ಒಳಗೆ ಮುಗಿಸಲೇಬೇಕು" ಅನ್ನುತ್ತಾರೆ. ಮುಗಿಸಿ, ಯಾರು ಬೇಡ ಅಂದರು? ಆದರೆ ಸ್ವಾತಿ ಮಳೆ ಜಡಿ ಹಿಡಿದ ದಿನವೂ ಅದೇ ಎರಡು ಗಂಟೆ ಅಂದರೆ ಹೇಗಪ್ಪಾ?

ನಮ್ಮ ಕಡೆ ಹವೆ ಕೆಡುವುದು ಒಂದೇ ರೀತಿಯಲ್ಲಿ ಅಲ್ಲ. ಭರಣಿ ಮಳೆ ಗುಡುಗು ಸಿಡಿಲಿನ ಜೊತೆ ಬರುತ್ತದೆ. ಆಷಾಢದಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ. ದೀಪಾವಳಿ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಎರಡು ಮೂರು ದಿನ ಸೂರ್ಯನೇ ಕಾಣುವುದಿಲ್ಲ. ಓಟಗಾರರು ಮಳೆಗೆ ಹೆದರುತ್ತಾರೆ. ಹೆದರಬೇಕಾದದ್ದು ಗಾಳಿಗೆ.

ಸ್ವಲ್ಪ ಲೆಕ್ಕ ಮಾಡೋಣ. ಸುಲಭದ ಲೆಕ್ಕ, ಎದ್ದು ಹೋಗಬೇಡಿ. ನೀವು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದೀರಿ. ಗಾಳಿ ಇಲ್ಲದ ದಿನವೂ ನಿಮ್ಮ ಎದೆ 10ರ ವೇಗದಲ್ಲಿ ಗಾಳಿಯನ್ನು ತಳ್ಳುತ್ತಲೇ ಇರುತ್ತದೆ. ಆ ತಡೆಯನ್ನು ಒಂದು ಪಾಲು ಅನ್ನೋಣ. ಈಗ ಎದುರಿನಿಂದ 20ರ ಗಾಳಿ ಬೀಸಿತು. ಎದೆಗೆ ಬಡಿಯುವುದು 30ರ ಗಾಳಿ. ವೇಗ ಮೂರು ಪಟ್ಟಾಯಿತು. ತಡೆ ಮೂರು ಪಟ್ಟಲ್ಲ, ಮೂರು ಮೂರಲ ಒಂಬತ್ತು ಪಟ್ಟು! ಒಂದು ಪಾಲು ಇದ್ದದ್ದು ಒಂಬತ್ತಾಯಿತು.

"ಹೋಗುವಾಗ ಬೆನ್ನ ಹಿಂದೆ ಗಾಳಿ ಇರುತ್ತಲ್ಲ ಮೇಡಂ, ಸರಿಹೋಗುತ್ತೆ" ಅನ್ನುತ್ತಾರೆ. ಹೋಗುವುದಿಲ್ಲ. ಆಷಾಢದಲ್ಲಿ ತುಮಕೂರಿನಿಂದ ದೇವರಾಯನದುರ್ಗದ ಕಡೆ ಹೊರಟರೆ ಪಡುವಣ ಗಾಳಿ ಬೆನ್ನಿಗಿರುತ್ತದೆ. ಓಡುವವರಿಗೆ ರೆಕ್ಕೆ ಬಂದ ಹಾಗೆ. ಅದೇ ಲೆಕ್ಕ ಹಾಕಿ ನೋಡಿ. ಹಿಂದಿನಿಂದ 20ರ ಗಾಳಿ, ನಿಮ್ಮ ಓಟ 10. ಎದುರಿನ ಒಂದು ಪಾಲು ತಡೆ ಹೋಯಿತು, ಮಿಕ್ಕ 10ರ ಗಾಳಿ ಒಂದು ಪಾಲಿನಷ್ಟು ಬೆನ್ನು ತಳ್ಳಿತು. ಬೆನ್ನ ಗಾಳಿ ನಿಮಗೆ ಉಳಿಸುವುದು ಒಟ್ಟು ಎರಡು ಪಾಲು. ವಾಪಸ್ ಬರುವಾಗ ಒಂದು ಪಾಲಿನ ತಡೆ ಒಂಬತ್ತಾಗಿ, ಕಿತ್ತುಕೊಳ್ಳುವುದು ಎಂಟು ಪಾಲು. ವಾಚ್ ಕಟ್ಟಿಕೊಂಡವರು ಹೋಗುವಾಗ ಟೈಮ್ ನೋಡಿ ಕುಣಿಯುತ್ತಾರೆ. ಬರುವಾಗ ಅದೇ ಟೈಮ್ ಹಿಡಿಯಲು ಹೋಗಿ ಉಸಿರುಕಟ್ಟಿ ರಸ್ತೆ ಬದಿ ಕೂರುತ್ತಾರೆ. ವಾಚಿಗೆ ಗಾಳಿ ಗೊತ್ತಿಲ್ಲ. ನಿಮ್ಮ ಉಸಿರಿಗೆ ಗೊತ್ತು. ಅದಕ್ಕೇ ವಾಚ್ ಬಿಚ್ಚಿಡಿ ಅನ್ನುವುದು.

ಇಲ್ಲಿ ನಿಮಗೊಂದು ಕಥೆ ಹೇಳಬೇಕು. ನಾನು ಕ್ಲಾಸಿನಲ್ಲಿ ಇದನ್ನು ಹೇಳದ ವರ್ಷವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ಈಗ ನಗುತ್ತಿರುತ್ತಾರೆ, ನಗಲಿ.

2018ರ ಏಪ್ರಿಲ್ 16. ಅಮೆರಿಕದ ಬಾಸ್ಟನ್ ಮ್ಯಾರಥಾನ್. ಇದು ಅರ್ಧದ್ದಲ್ಲ, ಪೂರ್ತಿ 42 ಕಿಲೋಮೀಟರ್. ಬೆಳಿಗ್ಗೆಯಿಂದ ಧೋ ಎಂದು ಮಳೆ. ಹೆಚ್ಚು ಕಡಿಮೆ 4 ಡಿಗ್ರಿ ಚಳಿ. ಮುಖಕ್ಕೆ ಹೊಡೆಯುವ ಎದುರುಗಾಳಿ. ಕೀನ್ಯಾ, ಇಥಿಯೋಪಿಯಾದಿಂದ ಬಂದ ಹೆಸರಾಂತ ಓಟಗಾರರು ಸಾಲಾಗಿ ನಿಂತಿದ್ದಾರೆ. ಹಿಂದಿನ ವರ್ಷ ಗೆದ್ದ ಜೆಫ್ರಿ ಕಿರೂಯಿ ಕೂಡ ಇದ್ದಾರೆ. ಅವರು ವಿಶ್ವ ಚಾಂಪಿಯನ್. ಅವರ ಮಧ್ಯೆ ಯೂಕಿ ಕವಾವುಚಿ ಅಂತ ಒಬ್ಬ ಜಪಾನಿನವರು.

ಈ ಕವಾವುಚಿ ಏನು ಕೆಲಸ ಮಾಡುತ್ತಿದ್ದರು ಗೊತ್ತಾ? ಸೈತಾಮ ಎಂಬಲ್ಲಿ ಸರ್ಕಾರಿ ಹೈಸ್ಕೂಲಿನ ಆಫೀಸಿನಲ್ಲಿ ನೌಕರಿ. ನಮ್ಮಲ್ಲಿ ಎಫ್‌ಡಿಎ ಇರುತ್ತಾರಲ್ಲ, ಅಂಥ ಕೆಲಸ. ದೊಡ್ಡ ಕಂಪನಿಯ ಓಟದ ತಂಡ ಇಲ್ಲ. ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ಪ್ರಾಕ್ಟೀಸ್. ಅದೇ ವರ್ಷದ ಜನವರಿ 1ರಂದು ಹೆಪ್ಪುಗಟ್ಟುವ ಚಳಿಯಲ್ಲಿ ಅಮೆರಿಕದಲ್ಲೇ ಇನ್ನೊಂದು ಸಣ್ಣ ಮ್ಯಾರಥಾನ್ ಓಡಿ ಬಂದಿದ್ದ ಮನುಷ್ಯ ಅವರು. ಅಂಥ ಚಳಿಯಲ್ಲಿ ಯಾರು ಓಡುತ್ತಾರೆ, ನೀವೇ ಹೇಳಿ!

ಬಾಸ್ಟನ್‌ನಲ್ಲಿ ಶುರುವಿಗೇ ಅವರು ಮುಂದೆ ನುಗ್ಗಿದರು. ಆಮೇಲೆ ಹಿಂದೆ ಬಿದ್ದರು. ಮತ್ತೆ ಮುಂದೆ ಬಂದರು. ಅರ್ಧ ದಾಟಿದ ಮೇಲೆ ಕಿರೂಯಿ ಎಲ್ಲರನ್ನೂ ಬಿಟ್ಟು ಒಂದು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಓಡಿಬಿಟ್ಟರು. ನೋಡುವವರೆಲ್ಲ ಮುಗಿಯಿತು ಅಂದುಕೊಂಡರು. ಆದರೆ ಚಳಿ ಯಾರನ್ನೂ ಬಿಡುವುದಿಲ್ಲ. ಕಿರೂಯಿ ಕಾಲು ಸೋತಿತು. ಕೊನೆಗೆ ಎರಡು ಕಿಲೋಮೀಟರ್ ಇರುವಾಗ ನಮ್ಮ ಎಫ್‌ಡಿಎ ಕಿರೂಯಿಯನ್ನು ದಾಟಿ ಹೋದರು. 2 ಗಂಟೆ 15 ನಿಮಿಷ 58 ಸೆಕೆಂಡ್. 1987ರ ನಂತರ ಬಾಸ್ಟನ್‌ನಲ್ಲಿ ಜಪಾನಿನ ಗಂಡಸು ಗೆದ್ದದ್ದು ಅದೇ ಮೊದಲು. ಮುಂದಿನ ವರ್ಷ ಅವರು ಆಫೀಸಿನ ಕೆಲಸ ಬಿಟ್ಟು ಪೂರ್ತಿ ಓಟಕ್ಕೇ ಇಳಿದರು.

ತಾಳಿ, ಹೆಂಗಸರ ಓಟ ಇನ್ನೂ ಚೆಂದ. ಡೆಸಿರೀ ಲಿಂಡೆನ್‌ಗೆ ಆ ದಿನ ಶುರುವಿನಿಂದಲೂ ಮೈ ಸರಿಯಿರಲಿಲ್ಲ. ಓಟ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಜೊತೆಗೆ ಓಡುತ್ತಿದ್ದ ಶಲೇನ್ ಫ್ಲ್ಯಾನಗನ್‌ಗೆ, ಗಾಳಿಗೆ ಅಡ್ಡ ನಿಲ್ಲಬೇಕಾದರೆ ಹೇಳು, ನಾನು ನಿಲ್ಲುತ್ತೇನೆ ಎಂದರಂತೆ. ಶಲೇನ್ ದಾರಿಯಲ್ಲಿ ಶೌಚಕ್ಕೆ ಹೋದಾಗ ಲಿಂಡೆನ್ ನಿಧಾನ ಮಾಡಿ ಕಾದರು. ಇಬ್ಬರೂ ಮತ್ತೆ ಗುಂಪು ಸೇರಿಕೊಂಡರು. ಹಾಗೆ ಕಾದವರೇ ಕೊನೆಗೆ ಗೆದ್ದರು! 1985ರ ನಂತರ ಅಲ್ಲಿ ಗೆದ್ದ ಮೊದಲ ಅಮೆರಿಕದ ಹೆಣ್ಣುಮಗಳು. ಟೈಮ್ 2 ಗಂಟೆ 39 ನಿಮಿಷ 54 ಸೆಕೆಂಡ್.

ಈಗ ಈ ಎರಡು ಟೈಮ್ ಗಮನಿಸಿ. ಬಾಸ್ಟನ್‌ನಲ್ಲಿ ಗೆದ್ದವರ ಟೈಮ್ ಅಷ್ಟು ನಿಧಾನವಾಗಿದ್ದದ್ದು 1970ರ ದಶಕದ ನಂತರ ಅದೇ ಮೊದಲು. ಗೆದ್ದವರೇ ಅಷ್ಟು ನಿಧಾನ. ಲಿಂಡೆನ್ ವಾಚ್ ನೋಡಿಕೊಂಡು ಓಡುವವರಾಗಿದ್ದರೆ ಶೌಚಾಲಯದ ಹತ್ತಿರ ಕಾಯುತ್ತಿದ್ದರಾ? ಆ ದಿನ ಟೈಮ್ ಹಿಡಿಯಲು ಹೋದವರು ಎಷ್ಟೋ ಜನ ಅರ್ಧದಲ್ಲೇ ಬಿಟ್ಟರು. ಲೋಕದ ದೊಡ್ಡ ಓಟಗಾರರೇ ಮಳೆಗೆ ನಿಮಿಷಗಟ್ಟಲೆ ಕೊಡುತ್ತಾರೆ. ಕ್ಯಾತ್ಸಂದ್ರದಿಂದ ಬರುವ ನಾನು ನೀವು ಕೊಡುವುದಿಲ್ಲ ಅಂದರೆ ಆಗುತ್ತಾ?

ವಾಚ್ ಬೇಡ ಅಂದರೆ ಇನ್ನೇನು ನೋಡಬೇಕು? ಮಾತು. ಪಕ್ಕದಲ್ಲಿ ಓಡುವವರಿಗೆ ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಮೊದಲ ಏಳೆಂಟು ಕಿಲೋಮೀಟರ್ ಹಾಗೆ ಓಡಿ. ಎದುರುಗಾಳಿಯಲ್ಲಿ ಮಾತು ತುಂಡಾದರೆ ಹೆಜ್ಜೆ ಚಿಕ್ಕದು ಮಾಡಿ, ನಿಧಾನಕ್ಕೆ ಬನ್ನಿ. ಗುಂಪಿನ ಹಿಂದೆ ಸೇರಿಕೊಳ್ಳಿ. ಆಮೇಲೆ ಸರದಿ ಬಂದಾಗ ನೀವೂ ಮುಂದೆ ಹೋಗಿ ಗಾಳಿ ತಡೆಯಿರಿ, ಸುಮ್ನೆ ಬೇರೆಯವರ ಬೆನ್ನಿಗೇ ಅಂಟಿಕೊಂಡಿರಬೇಡಿ.

ಸಮಯ ಆಗುತ್ತಿದೆ ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಸಿಡಿಲಿನ ಜೊತೆ ಮಾತ್ರ ಹುಡುಗಾಟ ಬೇಡ. ಮಿಂಚು ಕಂಡ ಮೇಲೆ ಎಣಿಸಿ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಅಂತ. ಅಲ್ಲಿಗೆ ಓಟ ಮುಗಿಯಿತು. ಕಟ್ಟಡದ ಒಳಗೋ ಕಾರಿನ ಒಳಗೋ ಹೋಗಿ. ರಸ್ತೆ ಬದಿಯ ಹುಣಸೆ ಮರದ ಕೆಳಗೆ ಯಾವ ಕಾರಣಕ್ಕೂ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಮೊಬೈಲಿನಲ್ಲಿ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು, ಹತ್ತಿರದಲ್ಲಿ ಸಿಡಿಲಿದ್ದರೆ ತೋರಿಸುತ್ತದೆ.

ಬಟ್ಟೆ. ಹತ್ತಿ ಬನಿಯನ್ ಬೇಡ, ನೀರು ಕುಡಿದು ಭಾರವಾಗುತ್ತದೆ, ಮೈಯ ಬಿಸಿ ಎಳೆಯುತ್ತದೆ. ತೆಳುವಾದ ಪಾಲಿಯೆಸ್ಟರ್ ಸಾಕು. ತೊಡೆ, ಕಂಕುಳಿಗೆ ವ್ಯಾಸಲೀನ್ ಹಚ್ಚಿ. ಓಟ ಶುರುವಾಗುವ ತನಕ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ಹಾಕಿಕೊಂಡಿರಿ, ಹೊಲದಲ್ಲಿ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಳ್ಳುವ ಹಾಗೆ. ಬಿಸಾಡುವಾಗ ರಸ್ತೆಗಲ್ಲ, ಕಸದ ಡಬ್ಬಕ್ಕೆ.

ಓಡುವಾಗ ಮೈ ಬಿಸಿಯಿರುತ್ತದೆ. ಚಳಿ ಹಿಡಿಯುವುದು ನಿಂತ ಮೇಲೆ. ಮೆಡಲ್ ಹಾಕಿಕೊಂಡು ಒದ್ದೆಯಲ್ಲೇ ಅರ್ಧ ಗಂಟೆ ಫೋಟೋ ತೆಗೆಸಿಕೊಳ್ಳಬೇಡಿ. ಮೊದಲು ಒಣ ಬಟ್ಟೆ, ಆಮೇಲೆ ಬಿಸಿ ಟೀ, ಆಮೇಲೆ ಬೇಕಾದಷ್ಟು ಫೋಟೋ. ಯಾರಾದರೂ ಗಡಗಡ ನಡುಗುತ್ತಾ ಮಾತು ತೊದಲಿದರೆ, ಗುಂಡಿ ಬಿಚ್ಚಲೂ ಕೈ ಬಾರದಿದ್ದರೆ, ಕಂಬಳಿ ಹೊದಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಓಡಿದ್ದಕ್ಕೆ ಸುಸ್ತು ಅಂತ ಬಿಡಬೇಡಿ.

ಇನ್ನು ಶೂ. ಒದ್ದೆ ಶೂವನ್ನು ಒಲೆ ಪಕ್ಕ ಇಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ಹಳೆಯ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ, ಫ್ಯಾನ್ ಕೆಳಗಿಡಿ. ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಾಯಿಸಿ. ಬೆಳಿಗ್ಗೆ ಹೊತ್ತಿಗೆ ಹಾಕಿಕೊಳ್ಳುವ ಹಾಗಾಗುತ್ತದೆ.

ನಮಸ್ಕಾರ.